ಪ್ರಸವವೇದನೆಯಲ್ಲಿ ಚಿತ್ತವಿನೋದ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆ

ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸಿನ ಮನಸ್ಸನ್ನು ಹಾಡು, ಕಥೆ, ಹರಟೆ, ನಗೆಮಾತುಗಳಿಂದಲೂ, ಈಚಿನ ದಿನಗಳಲ್ಲಿ ರೇಡಿಯೋ, ಟೀವಿ, ಮೊಬೈಲುಗಳಿಂದಲೂ ಆ ನೋವಿನಿಂದ ಅತ್ತ ಸೆಳೆದು, ಹೋಗಲೊಲ್ಲದ ಹೊತ್ತನ್ನು ಹೋಗುವಂತೆ ಮಾಡುವ ಉಪಾಯವನ್ನು ಪ್ರಸವಕಾಲದ ಚಿತ್ತವಿನೋದವೆಂದು ಕರೆಯಬಹುದು. ವೈದ್ಯಶಾಸ್ತ್ರವು ಇದನ್ನು ಔಷಧವಿಲ್ಲದ ವೇದನಾಶಮನ ಕ್ರಮಗಳಲ್ಲಿ ಒಂದೆಂದು ಎಣಿಸುತ್ತದೆ. ಶಾಸ್ತ್ರವು ಹೆಸರಿಡುವುದಕ್ಕೆ ಎಷ್ಟೋ ಮುಂಚಿನಿಂದ ಹಳ್ಳಿಗಳ ಸೂಲಗಿತ್ತಿಯರು ಇದನ್ನು ತಮ್ಮ ಕಸುಬಿನ ಅಂಗವಾಗಿ ನಡೆಸಿಕೊಂಡು ಬಂದರು. ಆದರೆ ಅವರಲ್ಲಿ ಯಾರೂ ಇದನ್ನು ಬೇರೆಯಾದ ಒಂದು ವಿದ್ಯೆಯೆಂದು ಭಾವಿಸಿದವರಲ್ಲ. ಹರಳೆಣ್ಣೆ ಕಾಯಿಸುವುದು, ಸೊಂಟ ನೀವುವುದು, ಹಂಡೆಯ ನೀರಿಗೆ ಉರಿ ಹಾಕಿಸುವುದು, ಇವುಗಳ ನಡುವೆ ಬಾಯಿಂದ ಹೊರಡುತ್ತಿದ್ದ ಮಾತೇ ಅದು.

ಪ್ರಸ್ತುತ ಲೇಖನಕ್ಕೆ ವಿಷಯವಾಗಿರುವ ಸೀಮೆಯು ತುಮಕೂರು ಜಿಲ್ಲೆಯ ಉತ್ತರಭಾಗ; ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಹೆಸರಾಗಿರುವ ನಾಲ್ಕು ತಾಲ್ಲೂಕುಗಳು. ಮಳೆ ಕಡಮೆ, ಕಲ್ಲು ಹೆಚ್ಚು. ಮಧುಗಿರಿಯ ಏಕಶಿಲೆಯ ಬೆಟ್ಟ, ಕೊರಟಗೆರೆಯ ಕಡೆ ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟ, ಶಿರಾದ ಕುರಿಯ ಹಟ್ಟಿಗಳು, ಪಾವಗಡದ ಕಡಲೆಕಾಯಿ ಹೊಲಗಳು, ಹೀಗೆ ಒಂದೊಂದು ತಾಲ್ಲೂಕಿಗೂ ಒಂದೊಂದು ಗುರುತುಂಟು. ಪಾವಗಡವು ಬಹುಮಟ್ಟಿಗೆ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿಯಲ್ಪಟ್ಟಿದ್ದು, ಜಿಲ್ಲಾ ಕೇಂದ್ರವಾದ ತುಮಕೂರಿನಿಂದ ನೂರು ಕಿಲೋಮೀಟರಿನಷ್ಟು ದೂರದಲ್ಲಿದೆ. ಮೋಟಾರು ಇಲ್ಲದ ಕಾಲದಲ್ಲಿ ಆ ದೂರವೆಂದರೆ ಬೇನೆ ಬಂದ ಹೆಂಗಸಿಗೆ ದಾಟಲಾಗದ ದೂರವೇ ಸರಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಕನ್ನಡದೊಡನೆ ತೆಲುಗು, ದಖನಿ ಉರ್ದು, ಲಂಬಾಣಿ ಮಾತುಗಳೂ ಬಳಕೆಯಲ್ಲಿವೆ. ಹೆರಿಗೆ ಮಾಡಿಸುವಾಕೆಯನ್ನು ಕನ್ನಡದವರು ಸೂಲಗಿತ್ತಿ ಎಂದರೆ, ಉರ್ದು ಮನೆಗಳಲ್ಲಿ ದಾಯಿ ಎನ್ನುತ್ತಾರೆ, ತೆಲುಗಿನವರು ಮಂತ್ರಸಾನಿ ಎನ್ನುತ್ತಾರೆ. ಸೂಲು ಎಂದರೆ ಹೆರಿಗೆ. ಮೂರನೆಯ ಸೂಲಿನ ಎಮ್ಮೆ ಎಂದು ರೈತರು ಇಂದಿಗೂ ಆಡುವ ಮಾತಿನಲ್ಲಿ ಅದು ಜೀವಂತವಾಗಿದೆ. ಕನ್ನಡದ ಹೆಸರು ಕೆಲಸವನ್ನು ಹೇಳಿದರೆ ತೆಲುಗಿನ ಹೆಸರು ಬಾಯಿಂದ ಹೊರಡುವ ಮಾತಿನ ಶಕ್ತಿಯನ್ನು ಹೇಳುವಂತೆ ನನಗೆ ತೋರುತ್ತದೆ. ಈ ಎರಡು ಹೆಸರುಗಳ ನಡುವೆಯೇ ನಮ್ಮ ವಿಷಯ ಅಡಗಿದೆ.

ಈ ಸೀಮೆಯ ಸೂಲಗಿತ್ತಿಯರಲ್ಲಿ ಲೋಕವೇ ಬಲ್ಲ ಹೆಸರು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರದು. 1920ರಲ್ಲಿ ಹುಟ್ಟಿದ ಇವರ ಮನೆಮಾತು ತೆಲುಗು. ಶಾಲೆಯ ಮುಖ ಕಂಡವರಲ್ಲ. ಹನ್ನೆರಡರ ವಯಸ್ಸಿಗೆ ಮದುವೆಯಾಗಿ, ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡರು. ಸೂಲಗಿತ್ತಿಯಾಗಿದ್ದ ತಮ್ಮ ಅಜ್ಜಿ ಮರಿಗೆಮ್ಮನಿಂದ ಕೆಲಸ ಕಲಿತರು. ಅವರ ಸ್ವಂತ ಹೆರಿಗೆಗಳಲ್ಲಿ ಐದನ್ನು ಆ ಅಜ್ಜಿಯೇ ಮಾಡಿಸಿದಳು. 1940ರಲ್ಲಿ, ತಮಗೆ ಇಪ್ಪತ್ತು ವರ್ಷವಿದ್ದಾಗ ಬಂಧುವೊಬ್ಬಳ ಹೆರಿಗೆಗೆ ಕೈ ನೀಡಿದ್ದು ಮೊದಲು. ಅಲ್ಲಿಂದ ಎಪ್ಪತ್ತು ವರ್ಷಗಳ ಕಾಲ, ಯಾರಿಂದಲೂ ಕಾಸು ಕೇಳದೆ, 15,000ಕ್ಕೂ ಮೇಲ್ಪಟ್ಟ ಹೆರಿಗೆಗಳನ್ನು ಮಾಡಿಸಿದರೆಂದು ಎಣಿಸಲಾಗಿದೆ. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿ ಜನರಿಂದ ಬೇರು ಸೊಪ್ಪುಗಳ ಮದ್ದನ್ನು ಕಲಿತರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ಸ್ಥಿತಿಯನ್ನು ಹೇಳಬಲ್ಲವರಾಗಿದ್ದರು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನೂ ನೀಡಿದವು. ಅದೇ ವರ್ಷ ಡಿಸೆಂಬರ್ 25ರಂದು, ತಮ್ಮ 98ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಅಕ್ಷರವಿಲ್ಲದ ಒಬ್ಬ ಹೆಂಗಸಿನ ಕೈಯಲ್ಲಿದ್ದ ಈ ಅಗಾಧವಾದ ಅನುಭವ ಬರಹಕ್ಕಿಳಿದದ್ದು ಅತ್ಯಲ್ಪ. ಅವರ ಕೈ ಮಾಡಿದ್ದರ ಲೆಕ್ಕ ಸಿಕ್ಕಿತು. ಆ ರಾತ್ರಿಗಳಲ್ಲಿ ಅವರ ಬಾಯಿ ಆಡಿದ್ದನ್ನು ಕೂತು ಬರೆದುಕೊಂಡವರಿದ್ದಿದ್ದರೆ ನಮಗೆ ಇನ್ನೊಂದು ಮಹಾಗ್ರಂಥವೇ ದೊರೆಯುತ್ತಿತ್ತೆಂದು ಅನ್ನಿಸದೆ ಇರದು.

ವಿನೋದವು ನೋವಿನ ಮೇಲೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಬೇಕಾದರೆ ಹೆರಿಗೆಯ ನೋವಿನ ಸ್ವರೂಪವನ್ನು ಮೊದಲು ಗಮನಿಸಬೇಕು. ಹಲ್ಲುನೋವಿನಂತೆ, ಸುಟ್ಟಗಾಯದಂತೆ ಇದು ಎಡೆಬಿಡದೆ ಕಾಡುವ ನೋವಲ್ಲ; ಅಲೆಯಂತೆ ಏರಿ ಇಳಿಯುವಂಥದು. ಬೇನೆ ಚೆನ್ನಾಗಿ ಕೂಡಿಕೊಂಡ ಮೇಲೆ ಗರ್ಭಕೋಶವು ಸುಮಾರು 40ರಿಂದ 60 ಸೆಕೆಂಡುಗಳ ಕಾಲ ಬಿಗಿದು ಸಡಿಲವಾಗುತ್ತದೆ. ಮೂರು ನಾಲ್ಕು ನಿಮಿಷಗಳಿಗೊಮ್ಮೆ ಮತ್ತೆ ಬಿಗಿಯುತ್ತದೆ. ಲೆಕ್ಕ ಹಾಕಿ ನೋಡಿದರೆ ಹೆಚ್ಚಿನ ಪಾಲು ಬಿಡುವೇ. ಚೊಚ್ಚಲ ಹೆರಿಗೆಯಲ್ಲಿ ಗರ್ಭದ ಬಾಯಿ ಐದು ಸೆಂಟಿಮೀಟರು ತೆರೆದ ಮೇಲೂ ಪೂರ್ಣ ತೆರೆಯುವುದಕ್ಕೆ ಹನ್ನೆರಡು ಗಂಟೆಯವರೆಗೆ ಹಿಡಿಯಬಹುದೆಂದೂ, ಮುಂದಿನ ಹೆರಿಗೆಗಳಲ್ಲಿ ಹತ್ತು ಗಂಟೆಯವರೆಗೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ತಿಳಿಸಿದೆ. ಅದಕ್ಕೆ ಮುಂಚಿನ ಸಣ್ಣ ಬೇನೆಯ ಹೊತ್ತು ಬೇರೆ. ಇಷ್ಟು ದೀರ್ಘವಾದ ಕಾಲದಲ್ಲಿ ಹೆಂಗಸನ್ನು ಹಣ್ಣು ಮಾಡುವುದು ಬಂದ ಬೇನೆಯೊಂದೇ ಅಲ್ಲ. ಬರಲಿರುವ ಬೇನೆಯ ಭಯ. ಬಿಡುವಿನ ಎರಡು ಮೂರು ನಿಮಿಷಗಳನ್ನೂ ಆ ಭಯವು ನುಂಗಿಬಿಟ್ಟರೆ ಮೈ ಒಂದು ಕ್ಷಣವೂ ಸಡಿಲವಾಗದು, ಉಸಿರು ಮೇಲೆ ಮೇಲೆ ಓಡುತ್ತದೆ, ಕಸುವು ಕಡೆಯ ಘಟ್ಟಕ್ಕೆ ಮುಂಚೆಯೇ ಸೋರಿಹೋಗುತ್ತದೆ. ವಿನೋದದ ನಿಜವಾದ ಕ್ಷೇತ್ರ ಈ ಬಿಡುವು. ಹಾಡಿನಿಂದ ಬೇನೆ ಓಡಿಹೋಗುವುದಿಲ್ಲ. ಎರಡು ಬೇನೆಗಳ ನಡುವಣ ಕಾಲ ಹೆಂಗಸಿಗೆ ಹಿಂದಿರುಗಿ ದೊರೆಯುತ್ತದೆ.

ಹಳೆಯ ಕಾಲದ ಹೆರಿಗೆಯ ಕೋಣೆಯನ್ನು ಒಮ್ಮೆ ಒಳಹೊಕ್ಕು ನೋಡೋಣ. ಮಣ್ಣಿನ ಮಾಳಿಗೆಯ ಮನೆ, ಕಿಟಕಿಯಿಲ್ಲದ ಒಳಕೋಣೆ, ಮೂಲೆಯಲ್ಲಿ ಹರಳೆಣ್ಣೆಯ ದೀಪ. ನೆಲದ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಸವೆದು ಮೆತ್ತಗಾದ ಸೀರೆ. ಹಿಡಿದುಕೊಳ್ಳುವುದಕ್ಕೆ ಜಂತೆಯಿಂದ ಇಳಿಬಿಟ್ಟ ಹಗ್ಗ. ಗೋಡೆಗೆ ಒರಗಿಸಿದ ಮೊರ. ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ಅದರಲ್ಲಿಯೇ. ಸೂಲಗಿತ್ತಿ ಗರ್ಭಿಣಿಯ ಕಾಲದೆಸೆಯಲ್ಲಿ, ತಾಯಿಯೋ ದೊಡ್ಡಮ್ಮನೋ ಬೆನ್ನಿಗೆ ಆತು ಕುಳಿತಿರುತ್ತಾರೆ. ಬಾಗಿಲ ಹತ್ತಿರ ನೆರೆಮನೆಯ ಇಬ್ಬರು ಮೂವರು. ಗಂಡಸರು ಜಗಲಿಯ ಮೇಲೆ. ಚೊಚ್ಚಲು ತವರಿನಲ್ಲಿಯೇ ಆಗಬೇಕೆಂಬ ಪದ್ಧತಿಯಿಂದಾಗಿ, ಬೇನೆ ತಿನ್ನುತ್ತಿರುವ ಹುಡುಗಿಯನ್ನೂ ಇದೇ ಸೂಲಗಿತ್ತಿಯೇ ಹದಿನೆಂಟು ಇಪ್ಪತ್ತು ವರ್ಷದ ಹಿಂದೆ ಕೈಯಲ್ಲಿ ಹಿಡಿದಿರುವುದು ಅಪರೂಪವಲ್ಲ. ಆದ್ದರಿಂದ ಆಕೆ ಹೇಳುವ ಮೊದಲ ಕಥೆ ಆ ಹುಡುಗಿಯ ಹುಟ್ಟಿನ ಕಥೆಯೇ: ಅವತ್ತು ಮಳೆ ಹೇಗೆ ಹೊಯ್ಯುತ್ತಿತ್ತು, ದೀಪ ಎಷ್ಟು ಸಲ ಆರಿತು, ಇವಳಪ್ಪ ಕೊಟ್ಟಿಗೆಯಲ್ಲಿ ಹೋಗಿ ಹೇಗೆ ಅಡಗಿಕೊಂಡ, ಇವಳು ಬಂದು ಬೀಳುತ್ತಲೇ ಹೇಗೆ ಕಿರಿಚಿದಳು ಎಂಬುದೆಲ್ಲ. ಹುಡುಗಿ ಕೇಳುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ ಕೂಡ. ಅಷ್ಟರಲ್ಲಿ ಬೇನೆ ಏರುತ್ತದೆ. ಸೂಲಗಿತ್ತಿ ವಾಕ್ಯದ ನಡುವೆಯೇ ಕಥೆಯನ್ನು ನಿಲ್ಲಿಸಿ, "ಬಂತಾ? ಬರ್ಲಿ ಬಿಡು. ಉಸ್ರು ಬಿಡವ್ವ, ಬಿಗಿ ಹಿಡೀಬ್ಯಾಡ" ಎನ್ನುತ್ತ ಸೊಂಟಕ್ಕೆ ಅಂಗೈ ಒತ್ತಿ ಹಿಡಿಯುತ್ತಾಳೆ. ಬೇನೆ ಇಳಿಯುತ್ತದೆ. ಆಕೆಯ ಕೈ ಸಡಿಲವಾಗುತ್ತದೆ, ಕಥೆ ನಿಂತಲ್ಲಿಂದ ಮತ್ತೆ ಹೊರಡುತ್ತದೆ.

ಈ ನಿಲ್ಲುವಿಕೆ ಮತ್ತು ಹೊರಡುವಿಕೆಗಳೇ ಈ ಕಲೆಯ ಜೀವಾಳವೆಂದು ನಾನು ತಿಳಿಯುತ್ತೇನೆ. ಕಥೆಯ ರಸ ಎಷ್ಟೇ ಇರಲಿ, ಬೇನೆಯ ಏರಿಳಿತವನ್ನು ಕಣ್ಣಿಂದಲೂ ಕೈಯಿಂದಲೂ ಅರಿತು ಅದಕ್ಕೆ ತಕ್ಕಂತೆ ಬಾಯನ್ನು ನಡೆಸಬಲ್ಲವಳು ಎದುರಿಗೆ ಇದ್ದಾಗ ಮಾತ್ರ ಅದು ಮದ್ದಾಗುತ್ತದೆ. ಬೇನೆಯ ನೆತ್ತಿಯಲ್ಲಿ ಕಥೆ ಹೇಳುವವಳು ಹಿಂಸೆ ಕೊಡುತ್ತಾಳೆ. ಬಿಡುವಿನಲ್ಲಿ ಮೌನವಾಗಿ ಕುಳಿತವಳು ಭಯಕ್ಕೆ ದಾರಿ ಬಿಡುತ್ತಾಳೆ.

ಹಾಡುಗಳ ವಿಚಾರಕ್ಕೆ ಬಂದರೆ ಈ ನಾಡಿನಲ್ಲಿ ಗರ್ಭಿಣಿಗೂ ಬಾಣಂತಿಗೂ ಸಂಬಂಧಿಸಿದ ಪದಗಳಿಗೆ ಕೊರತೆಯಿಲ್ಲ. ಬಸುರಿಯ ಬಯಕೆಯ ಪದಗಳು ತಿಂಗಳು ತಿಂಗಳಿಗೂ ಒಂದೊಂದು ರುಚಿಯನ್ನು ಹೆಸರಿಸುತ್ತ, ಒಂದರಿಂದ ಒಂಬತ್ತರವರೆಗೆ ಮೆಟ್ಟಿಲೇರುತ್ತವೆ. ಸೀಮಂತದ ಸೋಬಾನೆಗಳು, ತೊಟ್ಟಿಲಿನ ಲಾಲಿಗಳು, ಹೆಸರಿಡುವ ದಿನದ ಪದಗಳು ಬೇರೆ. ಇವುಗಳಲ್ಲಿ ಬಹುಪಾಲು ಹೆರಿಗೆಗೆ ಮುಂಚಿನ ಅಥವಾ ತರುವಾಯದ ಶುಭದಿನಗಳಿಗೆ ಸಲ್ಲುವಂಥವೇ ಹೊರತು ಬೇನೆಯ ಕೋಣೆಗೆಂದೇ ಕಟ್ಟಿದವಲ್ಲ. ಬೇನೆಯ ಹೊತ್ತಿನಲ್ಲಿ ಒದಗಿ ಬರುವುದು ಬೀಸುವ ಕಲ್ಲಿನ ಮುಂದೆ ಬಾಯಿಗೆ ಬಂದ ಪದ, ಮನೆದೇವರ ಪದ, ಹರಕೆಯ ಮಾತು. ಮಧುಗಿರಿಯವರಿಗೆ ದಂಡಿನ ಮಾರಮ್ಮ, ಕೊರಟಗೆರೆ ಕಡೆಯವರಿಗೆ ಗೊರವನಹಳ್ಳಿಯ ಮಹಾಲಕ್ಷ್ಮಿ, ಹೀಗೆ ಅವರವರ ದೈವ. ಬೀಸುವ ಪದಕ್ಕೂ ಹೆರಿಗೆಯ ಬೇನೆಗೂ ಒಂದು ಗುಣ ಸಮಾನವಾಗಿದೆ: ಎರಡೂ ಮೈಯ ದುಡಿಮೆಯ ಲಯಕ್ಕೆ ಕಟ್ಟುಬಿದ್ದವು. ರಾಗಿ ಬೀಸುವ ತೋಳಿನ ಆಯಾಸವನ್ನು ಹಾಡಿನ ಓಟದಲ್ಲಿ ಮರೆಯುವುದನ್ನು ಎಳವೆಯಿಂದ ಬಲ್ಲ ಹೆಂಗಸಿಗೆ, ಇನ್ನೂ ದೊಡ್ಡ ದುಡಿಮೆಯೊಂದರಲ್ಲಿ ಅದೇ ಉಪಾಯ ಕೈಗೆಟುಕುವುದು ಸಹಜವೇ ಆಗಿದೆ.

ಶಾಸ್ತ್ರಗ್ರಂಥಗಳಲ್ಲಿಯೂ ಇದರ ಬೇರುಗಳಿವೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಸೂತಿಕಾಗೃಹವನ್ನು ವರ್ಣಿಸುತ್ತ, ಅಲ್ಲಿ ಇರತಕ್ಕ ಸ್ತ್ರೀಯರು ಹಲವು ಬಾರಿ ಹೆತ್ತವರೂ, ಸ್ನೇಹವುಳ್ಳವರೂ, ಕೆಲಸದಲ್ಲಿ ಕುಶಲರೂ, ವಿಷಾದವನ್ನು ತೊರೆದವರೂ, ಕ್ಲೇಶವನ್ನು ಸಹಿಸಬಲ್ಲವರೂ ಆಗಿರಬೇಕೆಂದು ಹೇಳುತ್ತದೆ. ಬೇನೆ ನಿಧಾನವಾದಾಗ ಗರ್ಭಿಣಿಯ ಕೈಗೆ ಒನಕೆಯನ್ನು ಕೊಟ್ಟು ಧಾನ್ಯ ಕುಟ್ಟಿಸಬೇಕೆಂಬ ಕೆಲವರ ಮತವನ್ನು ಆ ಸಂಹಿತೆಯ ಉಪದೇಶಕನಾದ ಆತ್ರೇಯನು ನಿರಾಕರಿಸುತ್ತಾನೆ. ಆಗ ತಾನೆ ಮೈಯ ಧಾತುಗಳೆಲ್ಲ ಚಲಿಸುತ್ತಿರುವವಳಿಗೆ ಅಂಥ ವ್ಯಾಯಾಮವು ಅಪಾಯಕರವೆಂದೂ, ಮೆಲ್ಲಗೆ ಅಡ್ಡಾಡುವುದೂ ಆಕಳಿಸುವುದೂ ಸಾಕೆಂದೂ ಆತನ ಅಭಿಪ್ರಾಯ. ಬೇನೆ ಬಾರದಾಗ ತಿಣುಕಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಕೂಸು ಹೊರಬರುವ ಗಳಿಗೆಯಲ್ಲಿ ಸುತ್ತಲಿನ ಹೆಂಗಸರು ಆಕೆ ಒಳ್ಳೆಯ ಮಗುವನ್ನು ಹೆತ್ತಳೆಂದು ಗಟ್ಟಿಯಾಗಿ ಕೂಗಬೇಕು, ಆ ಹರ್ಷದಿಂದ ಆಕೆಯ ಪ್ರಾಣವು ಪುಷ್ಟಿಗೊಳ್ಳುತ್ತದೆ ಎಂದು ಮುಂದೆ ಬರುವ ಮಾತು ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದದ್ದು. ಹರ್ಷವೂ ಒಂದು ಆಹಾರವೆಂದು ಬಗೆದ ಆ ವೈದ್ಯರು, ಹೆರಿಗೆಯ ಬಳಿಕ ಹತ್ತು ಹನ್ನೆರಡು ದಿನಗಳವರೆಗೆ ಮನೆಯು ಗೀತವಾದ್ಯಗಳಿಂದಲೂ ಸಂತುಷ್ಟರಾದ ಬಂಧುಜನರಿಂದಲೂ ತುಂಬಿರಬೇಕೆಂದು ವಿಧಿಸಿದರು.

ಹೊರನಾಡುಗಳಲ್ಲಿ ಈ ವಿಚಾರ ಬೇರೊಂದು ದಾರಿಯಲ್ಲಿ ಬೆಳೆಯಿತು. 1847ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಅರಿವಳಿಕೆಯನ್ನು ಬಳಸತೊಡಗಿ, 1853ರಲ್ಲಿ ವಿಕ್ಟೋರಿಯಾ ರಾಣಿಯೇ ಕ್ಲೋರೋಫಾರಂ ಸೇವಿಸಿ ಹೆತ್ತ ಮೇಲೆ, ನೋವನ್ನು ಅಳಿಸುವುದೆಂದರೆ ಪ್ರಜ್ಞೆಯನ್ನು ಮಂಕುಗೊಳಿಸುವುದೆಂಬ ಭಾವನೆ ನೆಲೆಗೊಂಡಿತು. ಇದಕ್ಕೆ ಎದುರಾಗಿ ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್-ರೀಡ್ 1933ರ ತಮ್ಮ ಗ್ರಂಥದಲ್ಲಿ, ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ ಎಂಬ ಚಕ್ರವನ್ನು ವಿವರಿಸಿದರು. ಫ್ರಾನ್ಸಿನ ಫರ್ನಾಂಡ್ ಲಮಾಝ್ 1951ರಲ್ಲಿ ರಷ್ಯಕ್ಕೆ ಹೋಗಿ ಅಲ್ಲಿನ ವೈದ್ಯರ ಕ್ರಮವನ್ನು ಕಂಡು ಬಂದು, ಉಸಿರಿನ ಲೆಕ್ಕದಲ್ಲಿಯೂ ಒಂದೇ ಬಿಂದುವಿನಲ್ಲಿ ನೆಟ್ಟ ದೃಷ್ಟಿಯಲ್ಲಿಯೂ ಮನಸ್ಸನ್ನು ತೊಡಗಿಸುವ ಶಿಕ್ಷಣವನ್ನು ಪ್ಯಾರಿಸಿನಲ್ಲಿ ಆರಂಭಿಸಿದರು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ಸಿದ್ಧಾಂತದ ಪ್ರಕಾರ ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳಿಗೆ ಬಾಗಿಲಿನಂಥದೊಂದು ವ್ಯವಸ್ಥೆಯಿದ್ದು, ಮೈ ನೀವುವ ಸ್ಪರ್ಶದಿಂದಲೂ ಮೆದುಳಿನಿಂದ ಇಳಿದುಬರುವ ಆಜ್ಞೆಗಳಿಂದಲೂ ಆ ಬಾಗಿಲು ಅರೆಮುಚ್ಚಬಲ್ಲದು. ಸೂಲಗಿತ್ತಿಯ ಅಂಗೈ ಸೊಂಟದ ಮೇಲಿದ್ದದ್ದೂ, ಆಕೆಯ ಮಾತು ಕಿವಿಯಲ್ಲಿದ್ದದ್ದೂ ಆ ಒಂದೇ ಬಾಗಿಲಿನ ಎರಡು ಕದಗಳ ಮೇಲೆ ಕೈಯಿಟ್ಟಂತೆ. ಆದರೆ ಅದೇ ಮೆಲ್ಜಾಕ್ ಮುಂದೆ ಹೆರಿಗೆಯ ನೋವನ್ನು ಅಳೆದು ನೋಡಿ, ಅದು ಮನುಷ್ಯರು ಅನುಭವಿಸುವ ಅತಿ ತೀವ್ರವಾದ ನೋವುಗಳಲ್ಲಿ ಒಂದೆಂದೂ, ಚೊಚ್ಚಲಿನಲ್ಲಿ ಇನ್ನೂ ಹೆಚ್ಚೆಂದೂ ಕಂಡುಕೊಂಡರು. ತರಬೇತಿಯಿಂದ ನೋವು ತಗ್ಗುವುದು ನಿಜವಾದರೂ ತಗ್ಗುವ ಪ್ರಮಾಣ ಅಲ್ಪವೆಂದು 1984ರಲ್ಲಿ ಸ್ಪಷ್ಟವಾಗಿ ಹೇಳಿ, ನೋವಿಲ್ಲದ ಹೆರಿಗೆಯೆಂಬ ಮಾತನ್ನು ಮಿಥ್ಯೆಯೆಂದರು. ಈ ಪ್ರಾಮಾಣಿಕತೆಯನ್ನು ಮರೆಯಬಾರದು. ಹಾಡು ಕೇಳಿಯೂ ನೋವು ತಾಳಲಾರದೆ ಕೂಗಿಕೊಂಡ ಹೆಂಗಸು ಯಾವ ಬಗೆಯಲ್ಲಿಯೂ ಸೋತವಳಲ್ಲ.

ಯಂತ್ರದಿಂದ ವಿನೋದವನ್ನು ಒದಗಿಸುವ ಪ್ರಯತ್ನವೂ ಹೊಸದಲ್ಲ. 1960ರ ಸುಮಾರಿಗೆ ಅಮೆರಿಕದ ದಂತವೈದ್ಯ ವ್ಯಾಲೇಸ್ ಗಾರ್ಡ್ನರ್ ಮತ್ತು ವಿಜ್ಞಾನಿ ಲಿಕ್ಲೈಡರ್ ಸಂಗೀತವನ್ನೂ ಜಲಪಾತದಂಥ ಭೋರ್ಗರೆತವನ್ನೂ ಕಿವಿಗೆ ಕೇಳಿಸಿ ಹಲ್ಲು ಕೀಳುವ ಕ್ರಮವನ್ನು ಕಂಡುಹಿಡಿದರು. ಹೆರಿಗೆಯಲ್ಲಿಯೂ ಅದನ್ನು ಪರೀಕ್ಷಿಸಿ ನೋಡಲಾಯಿತು. ಅದರಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಸದ್ದನ್ನು ಏರಿಸಿ ಇಳಿಸುವ ತಿರುಪು ರೋಗಿಯ ಕೈಯಲ್ಲಿಯೇ ಇತ್ತು. ನೋವು ಏರಿದಂತೆ ಆತ ಅದನ್ನು ತಿರುಗಿಸುತ್ತಿದ್ದ. ಕಥೆಯನ್ನು ನಿಲ್ಲಿಸಿ ಹೊರಡಿಸುತ್ತಿದ್ದ ನಮ್ಮ ಸೂಲಗಿತ್ತಿಯ ಕೆಲಸವನ್ನೇ ಆ ತಿರುಪಿಗೆ ಒಪ್ಪಿಸಿದ್ದರೆನ್ನಬಹುದು.

ಇನ್ನು ಪನಾಮಾ ದೇಶದ ಕುನಾ ಜನರಲ್ಲಿ, ಕಷ್ಟದ ಹೆರಿಗೆಯಲ್ಲಿ ಮಂತ್ರವಾದಿಯು ಗರ್ಭಿಣಿಯ ಮೈಯನ್ನು ಮುಟ್ಟದೆ, ಮದ್ದನ್ನೂ ಕೊಡದೆ, ದೀರ್ಘವಾದ ಒಂದು ಗೀತವನ್ನು ಹಾಡುವ ಪದ್ಧತಿಯಿತ್ತು. ಅದನ್ನು ಕುರಿತು ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ಟ್ರಾಸ್ 1949ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾಗಿದೆ. ಆ ಗೀತವು ಮನಸ್ಸನ್ನು ನೋವಿನಿಂದ ಆಚೆಗೆ ಒಯ್ಯುವುದಿಲ್ಲ. ಆಕೆಯ ಗರ್ಭದೊಳಗಿನ ದಾರಿಯನ್ನೇ ವರ್ಣಿಸುತ್ತ, ಅಲ್ಲಿನ ಶಕ್ತಿಗಳೊಡನೆ ನಡೆಯುವ ಹೋರಾಟವನ್ನು ಹೇಳುತ್ತ, ಅರ್ಥವಿಲ್ಲದ ಯಾತನೆಗೆ ಒಂದು ಕಥೆಯ ಆಕಾರ ಕೊಡುತ್ತದೆ. ಇದನ್ನು ಓದಿದಾಗ, ನಮ್ಮ ಸೂಲಗಿತ್ತಿ ಹುಡುಗಿಗೆ ಅವಳದೇ ಹುಟ್ಟಿನ ಕಥೆಯನ್ನು ಹೇಳುವುದೂ ಬರಿಯ ಮರೆಸುವಿಕೆಯಾಗಿರಲಾರದೆಂದು ನನಗೆ ಅನ್ನಿಸುತ್ತದೆ. ಆ ಕಥೆಯಲ್ಲಿಯೂ ನೋವಿದೆ, ರಾತ್ರಿಯಿದೆ, ಭಯವಿದೆ. ಅದರ ಕೊನೆಯಲ್ಲಿ ಹುಟ್ಟಿದ ಕೂಸು ಈಗ ಇಲ್ಲಿ ಕುಳಿತು ಅದನ್ನೇ ಕೇಳುತ್ತಿದೆ.

ಇಷ್ಟು ಹೇಳಿದ ಮೇಲೆ ಈ ಸೀಮೆಯ ದುಃಖದ ಒಂದು ಮುಖವನ್ನೂ ಹೇಳದೆ ಬಿಡಲಾಗದು. ಶಿರಾ, ಪಾವಗಡ, ಮಧುಗಿರಿಗಳಲ್ಲಿಯೂ ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲಿಯೂ ನೆಲೆಸಿರುವ ಕಾಡುಗೊಲ್ಲರು ಹಾಡಿನ ಸಂಪತ್ತಿನಲ್ಲಿ ಕನ್ನಡನಾಡಿನ ಯಾರಿಗೂ ಕಡಮೆಯಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪ ಅವರ ವೀರ. ಉದ್ದನೆಯ ಬಿದಿರಿನ ಗಣೆಯ ನಾದದೊಡನೆ ಆತನ ಕಾವ್ಯವನ್ನು ರಾತ್ರಿಯೆಲ್ಲ ಹಾಡುತ್ತಾರೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯಂಥ ಅನಕ್ಷರಸ್ಥ ಹಾಡುಗಾರ್ತಿ ಬಂದದ್ದೂ ಇದೇ ಜನದಿಂದ. ಇಂಥ ಜನರ ಹಟ್ಟಿಗಳಲ್ಲಿ, ಸೂತಕದ ಕಟ್ಟಳೆಯಿಂದಾಗಿ, ಹೆರುವ ಹೆಂಗಸನ್ನೂ ಹೆತ್ತ ಬಾಣಂತಿಯನ್ನೂ ಊರ ಹೊರಗಿನ ಗುಡಿಸಲಿನಲ್ಲಿ ವಾರಗಟ್ಟಲೆ ಇರಿಸುವ ಪದ್ಧತಿ ಉಳಿದುಬಂದಿತು. 2023ರ ಜುಲೈ ತಿಂಗಳ ಮಳೆಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ ಗುಡಿಸಲಿನಲ್ಲಿದ್ದ ಹಸುಗೂಸೊಂದು ಚಳಿಗೆ ಸಿಕ್ಕಿ ಸತ್ತಿತು. ಇಡೀ ರಾತ್ರಿ ಹಾಡಬಲ್ಲ ಜನರ ನಡುವೆ ಹುಟ್ಟಿ, ಜೀವಮಾನದ ಅತ್ಯಂತ ಉದ್ದನೆಯ ರಾತ್ರಿಯಲ್ಲಿ ಒಂದು ಪದವೂ ಕಿವಿಗೆ ಬೀಳದಂತೆ ಒಂಟಿಯಾಗಿರುವುದಕ್ಕಿಂತ ಹೆಚ್ಚಿನ ಕಷ್ಟವನ್ನು ಊಹಿಸುವುದು ನನಗೆ ಅಸಾಧ್ಯ. ಆ ಹಟ್ಟಿಗಳಲ್ಲಿಯೇ ಹುಟ್ಟಿ ಓದಿದ ಹೆಣ್ಣುಮಕ್ಕಳು ಈ ಪದ್ಧತಿಯ ವಿರುದ್ಧ ದನಿಯೆತ್ತುತ್ತಿರುವುದು ಸಮಾಧಾನದ ಸಂಗತಿ.

ಸೂಲಗಿತ್ತಿಯರ ಕಾಲವನ್ನು ಚಿನ್ನದ ಕಾಲವೆಂದು ಕೊಂಡಾಡುವುದೂ ತಪ್ಪು. ರಕ್ತಸ್ರಾವ, ಅಡ್ಡಬಿದ್ದ ಕೂಸು, ನಂಜು, ಬಸಿರಿನ ಸನ್ನಿ, ಇವುಗಳ ಮುಂದೆ ಕಥೆಯೂ ಹಾಡೂ ನಿಲ್ಲವು. ಕಷ್ಟದ ಲಕ್ಷಣಗಳನ್ನು ಹರಟೆಯಲ್ಲಿ ಮರೆಸಿ ಹೊತ್ತು ಕಳೆದರೆ ಅದೇ ಪ್ರಾಣಕ್ಕೆ ಮುಳುವಾದೀತು. ಜನನಿ ಸುರಕ್ಷಾ ಯೋಜನೆ 2005ರಲ್ಲಿ ಬಂದು, 2008ರಲ್ಲಿ ನಮ್ಮ ರಾಜ್ಯದಲ್ಲಿ 108ರ ವಾಹನ ಓಡತೊಡಗಿ, ಆಶಾ ಕಾರ್ಯಕರ್ತೆಯರು ಮನೆಮನೆಗೆ ನಡೆದ ಫಲವಾಗಿ, 2019-20ರ ಹೊತ್ತಿಗೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಲಕ್ಷ ಜೀವಂತ ಜನನಗಳಿಗೆ 2004-06ರಲ್ಲಿ 213 ಇದ್ದ ತಾಯಂದಿರ ಮರಣ 2018-20ರಲ್ಲಿ 69ಕ್ಕೆ ಇಳಿಯಿತು. ಈ ಅಂಕಿಗಳ ಮುಂದೆ ಯಾವ ಹಳೆಯ ಕಾಲದ ಹಂಬಲವೂ ತಲೆಬಾಗಲೇಬೇಕು.

ಆದರೆ ಈ ಸಾಗಣೆಯಲ್ಲಿ ಒಂದು ವಸ್ತು ಹಿಂದೆ ಉಳಿಯಿತು. ಹೆಂಗಸನ್ನು ಆಸ್ಪತ್ರೆಗೆ ತಂದವರು ಅವಳ ಸುತ್ತ ಕುಳಿತಿದ್ದ ಮಾತನ್ನು ತರಲಿಲ್ಲ. ಎಷ್ಟೋ ಕಾಲ ಹೆರಿಗೆ ಕೋಣೆಯ ಬಾಗಿಲಲ್ಲಿಯೇ ತಾಯಿಯನ್ನೂ ಅತ್ತೆಯನ್ನೂ ತಡೆದು ನಿಲ್ಲಿಸುತ್ತಿದ್ದರು. ಬಿಸಿನೀರಿನ ಫ್ಲಾಸ್ಕನ್ನೂ ಹಳೆಯ ಸೀರೆಯ ಗಂಟನ್ನೂ ಮಡಿಲಲ್ಲಿಟ್ಟುಕೊಂಡು ಮೂರು ನಾಲ್ಕು ಮುದುಕಿಯರು ಹೊರಗಿನ ಬೆಂಚಿನ ಮೇಲೆ ಕುಳಿತು ತಮ್ಮ ತಮ್ಮ ಹೆರಿಗೆಗಳ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆ ಕಥೆಗಳು ಯಾರಿಗೆ ಬೇಕಾಗಿದ್ದವೋ ಅವಳು ಗೋಡೆಯ ಆ ಬದಿಯಲ್ಲಿ, ಕಬ್ಬಿಣದ ಮೇಜಿನ ಮೇಲೆ, ಚಾವಣಿಯನ್ನು ನೋಡುತ್ತ ಮಲಗಿರುತ್ತಾಳೆ. ಬೆನ್ನಿಗೆ ಸೂಜಿಮದ್ದು ಕೊಟ್ಟು ನೋವನ್ನು ಮರಗಟ್ಟಿಸಬಲ್ಲ ತಜ್ಞರು ದೊಡ್ಡ ಊರುಗಳಲ್ಲಿ ದೊರೆತಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಗಲಿರುಳೂ ದೊರೆಯುವುದು ಕಷ್ಟ. ಹಾಗಿರುವಾಗ ಖರ್ಚಿಲ್ಲದ ಈ ಒಂದು ಮದ್ದನ್ನೂ ಬಾಗಿಲ ಹೊರಗೆ ಕೂರಿಸಿದ್ದು ನೋವಿನ ಸಂಗತಿ. ಆ ಖಾಲಿ ಜಾಗಕ್ಕೆ ಮೊಬೈಲು ಬಂದಿದೆ. ಸಣ್ಣ ಬೇನೆಯ ಹೊತ್ತಿನಲ್ಲಿ, ವಾರ್ಡಿನ ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿ ಧಾರಾವಾಹಿಯನ್ನೋ ಭಕ್ತಿಗೀತೆಯನ್ನೋ ಕೇಳುವ ಹುಡುಗಿಗೆ ಅದರಿಂದ ಆಸರೆ ಸಿಗುವುದು ಸುಳ್ಳಲ್ಲ. ಬೇನೆ ಬಲಿತಂತೆ ಅದು ಕೈಯಿಂದ ಜಾರುತ್ತದೆ. ಧಾರಾವಾಹಿಯು ಅವಳಿಗಾಗಿ ನಿಲ್ಲುವುದಿಲ್ಲ.

ಸಂಶೋಧನೆಗಳೂ ಇದೇ ದಿಕ್ಕನ್ನು ತೋರಿಸುತ್ತವೆ. ಸಂಗೀತ, ಉಸಿರಾಟ, ಮೈಯ ಸಡಿಲಿಕೆ ಮುಂತಾದವನ್ನು ಬಯಸುವ ಆರೋಗ್ಯವಂತ ಗರ್ಭಿಣಿಯರಿಗೆ ಒದಗಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ಇದಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಬಿಡದೆ ಜೊತೆಯಲ್ಲಿರುವ ಮನುಷ್ಯಜೀವಕ್ಕೆ: 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಪರೀಕ್ಷೆಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಉದ್ದಕ್ಕೂ ಒಬ್ಬರು ಜೊತೆಗಿದ್ದ ಹೆಂಗಸರಿಗೆ ಸಹಜ ಹೆರಿಗೆಯ ಸಂಭವ ಹೆಚ್ಚಿತ್ತು, ಬೇನೆಯ ಕಾಲ ಸ್ವಲ್ಪ ತಗ್ಗಿತ್ತು, ನೋವಿನ ಮದ್ದಿನ ಅಗತ್ಯ ಕಡಮೆಯಾಗಿತ್ತು. ಆ ಲೆಕ್ಕದ ಹೆಂಗಸರ ಸಂಖ್ಯೆಯೂ, ಕೃಷ್ಣಾಪುರದ ನರಸಮ್ಮ ಒಬ್ಬರೇ ಜೊತೆಗಿದ್ದು ಮಾಡಿಸಿದರೆನ್ನುವ ಹೆರಿಗೆಗಳ ಸಂಖ್ಯೆಯೂ ಹೆಚ್ಚು ಕಡಮೆ ಒಂದೇ.

2016ರಲ್ಲಿ ಭಾರತ ಸರ್ಕಾರವು ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಸಂಗಾತಿಯನ್ನು ಬಿಡಬೇಕೆಂದು ಒಪ್ಪಿತು. 2017ರ ಕೊನೆಯಲ್ಲಿ ಹೊರಟ ಲಕ್ಷ್ಯ ಎಂಬ ಕಾರ್ಯಕ್ರಮವು ಹೆರಿಗೆ ಕೋಣೆಯ ಗುಣಮಟ್ಟದ ಅಳತೆಗಳಲ್ಲಿ ಇದನ್ನೂ ಸೇರಿಸಿತು. ಸಂಗಾತಿಯು ತಾನೂ ಹೆರಿಗೆಯ ಅನುಭವವುಳ್ಳ ಹೆಂಗಸಾಗಿದ್ದರೆ ಮೇಲು, ಅಂಟುರೋಗವಿಲ್ಲದವಳಾಗಿರಬೇಕು, ಶುಭ್ರವಾದ ಬಟ್ಟೆ ಉಟ್ಟಿರಬೇಕು, ಕೊನೆಯವರೆಗೂ ಬಿಟ್ಟುಹೋಗದೆ ಇರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು ಎಂದು ಸಂಗಾತಿಯನ್ನು ಕುರಿತ ಸರ್ಕಾರದ ನಿಯಮಗಳು. ಹಲವು ಬಾರಿ ಹೆತ್ತವಳು, ಕ್ಲೇಶವನ್ನು ಸಹಿಸಬಲ್ಲವಳು ಎಂದು ಚರಕನು ಎಣಿಸಿದ ಲಕ್ಷಣಗಳಿಗೂ ಇವಕ್ಕೂ ಇರುವ ಹೋಲಿಕೆ ಕಣ್ಣಿಗೆ ಕಟ್ಟುವಂತಿದೆ. ಕೋಣೆಯಲ್ಲಿರುವ ಇತರ ಹೆಂಗಸರ ಆರೈಕೆಗೆ ಆಕೆ ಹೋಗಬಾರದೆಂಬುದು ಇನ್ನೊಂದು ನಿಯಮ. ನಂಜು ಹರಡದಂತೆ ಅದು ಬೇಕಾದದ್ದೇ. ಮಂಚಕ್ಕೂ ಮಂಚಕ್ಕೂ ನಡುವೆ ಒಂದು ಹಸಿರು ಬಟ್ಟೆಯ ಪರದೆ ಮಾತ್ರ ಇರುತ್ತದೆ. ಈ ಬದಿಯ ಅಜ್ಜಿ ತನ್ನ ಮೊಮ್ಮಗಳಿಗೆ ಕಥೆ ಹೇಳುತ್ತ ಹೇಳುತ್ತ ಬೇನೆ ಬಂತೆಂದು ನಿಲ್ಲಿಸಿದಾಗ, ಜೊತೆಗೆ ಯಾರೂ ಬಾರದ ಹುಡುಗಿಯೊಬ್ಬಳು ಪರದೆಯ ಆ ಬದಿಯಿಂದ, "ಆಮೇಲೆ ಏನಾಯ್ತಜ್ಜಿ?" ಎಂದು ಕೇಳಿದರೆ, ಎದ್ದುಹೋಗದೆ, ಕುಳಿತಲ್ಲಿಂದಲೇ, ದನಿಯನ್ನು ತುಸು ಎತ್ತರಿಸಿ ಅಜ್ಜಿ ಕಥೆಯನ್ನು ಮುಂದುವರಿಸಬಹುದು.